ದಿಡ್ಡಿ ಬಾಗಿಲನ್ನ ಮೊದಲೇ ಹಾಕೋರು: ಬೆಟ್ಟದ ಹೆದ್ದಾರಿ ಕಾಯುವ ಹಿಮಕುಸಿತ ಟೆಕ್ನಿಷಿಯನ್‌ಗಳ ಕೆಲಸ

ಇವತ್ತಿನ ವಿಷಯವನ್ನ ಒಂದು ಜಗಳದಿಂದ ಶುರು ಮಾಡ್ತೀನಿ. ಜಗಳದಲ್ಲಿ ತಪ್ಪು ನನ್ನದೇ, ಅದನ್ನ ಮೊದಲೇ ಒಪ್ಕೊಂಡುಬಿಡ್ತೀನಿ.

ನೋಯ್ಡಾದಲ್ಲಿ ಕೆಲಸ ಮಾಡೋ ನಾವು ನಾಲ್ಕು ಜನ ಕನ್ನಡದವರು ಒಂದು ಜನವರಿಯಲ್ಲಿ ಮನಾಲಿಗೆ ಹೋಗಿದ್ವಿ. ಎರಡು ದಿನ ಬಿಡದೆ ಹಿಮ ಸುರೀತು. ಹೋಟೆಲ್ ರೂಮಲ್ಲಿ ಕೂತು ಮ್ಯಾಗಿ ತಿಂದಿದ್ದೇ ಬಂತು. ಮೂರನೇ ದಿನ ಬೆಳಿಗ್ಗೆ ನೋಡಿದ್ರೆ ಆಕಾಶ ತೊಳೆದಿಟ್ಟ ಹಾಗೆ ನೀಲಿ, ಕಣ್ಣು ಕುಕ್ಕೋ ಬಿಸಿಲು. ಅಟಲ್ ಸುರಂಗ ದಾಟಿ ಸಿಸ್ಸುಗೆ ಹೋಗಿ ಬರೋಣ ಅಂತ ಟ್ಯಾಕ್ಸಿ ಹತ್ತಿದ್ವಿ. ಸೋಲಂಗ್ ಹತ್ತಿರ ಬ್ಯಾರಿಕೇಡ್. ರಸ್ತೆ ಬಂದ್.

ನಾನು ಕೆಳಗಿಳಿದು ನನ್ನ ಹರುಕು ಮುರುಕು ಹಿಂದಿಯಲ್ಲಿ ವಾದಕ್ಕೆ ನಿಂತೆ. "ಅಲ್ಲಾ ಸರ್, ರಸ್ತೆ ಮೇಲಿನ ಹಿಮ ಸರಿಸಿ ಆಗಿದೆ, ಬಿಸಿಲೂ ಬಂದಿದೆ, ಇನ್ನೂ ಯಾಕೆ ಮುಚ್ಚಿದ್ದೀರಿ?" ಅಲ್ಲಿದ್ದ ಪೊಲೀಸಿನವರು ಕೈ ಉಜ್ಜಿಕೊಳ್ತಾ ಒಂದೇ ಮಾತು ಹೇಳಿದ್ರು: "ಬಿಸಿಲು ಬಂದಿದೆ ಅಂತಲೇ ಮುಚ್ಚಿರೋದು."

ನನಗೆ ಅದು ಉಡಾಫೆ ಅನ್ನಿಸ್ತು. ಇನ್ನೂ ನಾಲ್ಕು ಮಾತಾಡಿದೆ. ನಮ್ಮ ಟ್ಯಾಕ್ಸಿ ಡ್ರೈವರ್ ಏನೂ ಹೇಳದೆ ಗಾಡಿ ತಿರುಗಿಸಿದ್ರು. ಆವತ್ತು ಏನೂ ಆಗಲಿಲ್ಲ. ಎಲ್ಲೂ ಹಿಮ ಕುಸಿದ ಸುದ್ದಿ ಬರಲಿಲ್ಲ. ಮಾರನೇ ದಿನ ರಸ್ತೆ ತೆರೆದಾಗ ನಾವು ದೆಹಲಿ ಬಸ್ಸಲ್ಲಿದ್ವಿ. "ಸುಮ್ ಸುಮ್ನೆ ಮುಚ್ಚಿದ್ರು" ಅಂತ ವಾರವಿಡೀ ಗೊಣಗಿದೆ.

ಕೆನಡಾದ ಕ್ಯಾಲ್ಗರಿಯಲ್ಲಿರೋ ನನ್ನ ದೊಡ್ಡಮ್ಮನ ಮಗನಿಗೆ ಫೋನಲ್ಲಿ ಇದನ್ನೇ ಹೇಳ್ಕೊಂಡಾಗ ಅಣ್ಣ ನಕ್ಕುಬಿಟ್ಟ. "ನೀನು ನೋಡಿದ್ದು ಬರೀ ಬ್ಯಾರಿಕೇಡ್ ಕಣೋ. ಇಲ್ಲಿ ರಸ್ತೆ ಮುಚ್ಚಿ ಬೆಟ್ಟಕ್ಕೆ ಫಿರಂಗಿ ಹೊಡೀತಾರೆ." ತಮಾಷೆ ಮಾಡ್ತಿದ್ದಾನೆ ಅಂದ್ಕೊಂಡೆ. ಹುಡುಕಿ ಓದಿದ ಮೇಲೆ ಗೊತ್ತಾಯ್ತು, ಅಕ್ಷರಶಃ ನಿಜ. ಆ ಓದೇ ಇವತ್ತಿನ ಮಾತು.

ಹಿಮಪಾತ ಬೇರೆ, ಹಿಮಕುಸಿತ ಬೇರೆ

ನಮ್ಮ ನೆಲದಲ್ಲಿ ಹಿಮ ಬೀಳಲ್ಲ. ಹಾಗಾಗಿ ಆಕಾಶದಿಂದ ಹಿಮ ಉದುರೋದಕ್ಕೂ ಬೆಟ್ಟದಿಂದ ಹಿಮ ಜಾರಿ ಬರೋದಕ್ಕೂ ನಾವು ಹಿಮಪಾತ ಅಂತಲೇ ಅಂದುಬಿಡ್ತೀವಿ. ಇಲ್ಲಿ ನಾನು ಎರಡನೆಯದನ್ನ ಹಿಮಕುಸಿತ ಅಂತೀನಿ.

ಕನ್ನಡಿಗರಲ್ಲಿ ಹೆಚ್ಚಿನವರಿಗೆ ಅದರ ಭೀಕರತೆ ಮನಸ್ಸಿಗೆ ತಟ್ಟಿದ್ದು 2016ರ ಫೆಬ್ರವರಿಯಲ್ಲಿ. ಸಿಯಾಚಿನ್‌ನಲ್ಲಿ ಹತ್ತು ಸೈನಿಕರು ಹಿಮದಡಿ ಸಿಕ್ಕಿಕೊಂಡರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ನಂತರ ಜೀವಂತವಾಗಿ ಸಿಕ್ಕಿದ್ರು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ್ರು. ಆ ಆರು ದಿನ ಒಂದು ಪವಾಡವೇ ಸರಿ. ಸಾಮಾನ್ಯ ಲೆಕ್ಕ ಬಹಳ ಕ್ರೂರವಾದದ್ದು. ಹೂತುಹೋದವರನ್ನ ಮೊದಲ 10-15 ನಿಮಿಷದೊಳಗೆ ತೆಗೆದ್ರೆ ಬದುಕೋ ಸಾಧ್ಯತೆ ಚೆನ್ನಾಗಿದೆ. ಅರ್ಧ ಗಂಟೆ ದಾಟಿದ್ರೆ ಬದುಕಿ ಉಳಿಯೋರು ಬಹಳ ಕಡಿಮೆ. ಜಾರಿ ನಿಂತ ಹಿಮ ಹತ್ತಿಯ ಹಾಗೆ ಇರಲ್ಲ, ಕಾಂಕ್ರೀಟಿನ ಹಾಗೆ ಸೆಟ್ ಆಗುತ್ತೆ.

ಅಂದರೆ ಕುಸಿದ ಮೇಲೆ ರಕ್ಷಣಾ ತಂಡ ಕಳಿಸೋದರಿಂದ ಹೆದ್ದಾರಿ ಸುರಕ್ಷಿತ ಆಗಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಗಾದೆ ಗೊತ್ತಲ್ಲ. ಹಿಮಕುಸಿತ ಟೆಕ್ನಿಷಿಯನ್ ಅಂದ್ರೆ ಆ ಬಾಗಿಲನ್ನ ಮೊದಲೇ ಹಾಕೋ ಮನುಷ್ಯ.

ಬರ್ಫಿ ಮತ್ತು ರವೆ

ಹಿಮ ಯಾಕೆ ಜಾರುತ್ತೆ? ಅಡುಗೆಮನೆಯಿಂದಲೇ ಹೇಳ್ತೀನಿ. ಒಂದು ತಟ್ಟೆ ಮೇಲೆ ತೆಳ್ಳಗೆ ರವೆ ಉದುರಿಸಿ. ಅದರ ಮೇಲೆ ಕತ್ತರಿಸದ ದೊಡ್ಡ ಬರ್ಫಿ ಹಲ್ಲೆ ಇಡಿ. ತಟ್ಟೆಯನ್ನ ನಿಧಾನಕ್ಕೆ ವಾಲಿಸಿ. ಒಂದು ಹಂತದವರೆಗೂ ಏನೂ ಆಗಲ್ಲ. ಆಮೇಲೆ ಇಡೀ ಹಲ್ಲೆ ಒಟ್ಟಿಗೆ ಜಾರುತ್ತೆ, ಚೂರು ಚೂರಾಗಿ ಅಲ್ಲ.

ಬೆಟ್ಟದ ಹಿಮವೂ ಪದರ ಪದರ. ಪ್ರತಿ ಸಲ ಬಿದ್ದ ಹಿಮ ಒಂದು ಪದರ. ನಡುವೆ ಒಣ ಚಳಿ ದಿನಗಳು ಬಂದ್ರೆ ಕೆಲವು ಪದರಗಳು ಸಕ್ಕರೆ ಹರಳಿನ ಹಾಗೆ ಸಡಿಲ ಆಗ್ತವೆ, ಒಂದಕ್ಕೊಂದು ಅಂಟೋದಿಲ್ಲ. ಅದೇ ನಮ್ಮ ರವೆ. ಅದರ ಮೇಲೆ ಹೊಸ ಹಿಮ ಬಿದ್ದು ಗಟ್ಟಿಯಾದ್ರೆ ಅದು ಬರ್ಫಿ. ಆಮೇಲೆ ಬೇಕಾಗಿರೋದು ಒಂದು ನೆಪ ಅಷ್ಟೇ. ಇನ್ನಷ್ಟು ಹಿಮ, ಮಳೆ, ಒಬ್ಬ ಸ್ಕೀ ಮಾಡೋನ ಭಾರ ಅಥವಾ ಬಿಸಿಲು.

ಈಗ ನನ್ನ ಜಗಳಕ್ಕೆ ಉತ್ತರ ಸಿಕ್ತು. ಎರಡು ದಿನ ಸುರಿದ ಹಿಮ ಮೇಲೆ ಭಾರ ಹಾಕಿದೆ, ಗಾಳಿ ಇನ್ನಷ್ಟನ್ನ ಹೊತ್ತು ತಂದು ಬೆಟ್ಟದ ಮರೆಯ ಮಗ್ಗುಲಲ್ಲಿ ಗುಡ್ಡೆ ಹಾಕಿದೆ. ಅದರ ಮೇಲೆ ಪ್ರಖರ ಬಿಸಿಲು ಬಿದ್ದಾಗ ಮೇಲ್ಪದರ ಬೇಗ ಬಿಸಿಯಾಗಿ ಸಡಿಲಗೊಳ್ಳುತ್ತೆ. ಹಿಮ ನಿಂತ ಮಾರನೇ ದಿನದ ನೀಲಿ ಆಕಾಶ ಪ್ರವಾಸಿಗೆ ಫೋಟೋ ದಿನ, ಟೆಕ್ನಿಷಿಯನ್‌ಗೆ ನಿದ್ದೆಗೆಡೋ ದಿನ. ಆ ಪೊಲೀಸಿನವರು ಹೇಳಿದ್ದು ಉಡಾಫೆ ಅಲ್ಲ, ವಿಜ್ಞಾನ.

ಇನ್ನೊಂದು ಮೋಸ ಇದೆ. ದೊಡ್ಡ ಕುಸಿತಗಳು ಶುರುವಾಗೋದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕಿಂತ ಕಡಿದಾದ ಕಡೆ ಹಿಮ ನಿಲ್ಲೋದೇ ಇಲ್ಲ, ಆಗಾಗ ಉದುರಿಹೋಗುತ್ತೆ. ಅದಕ್ಕಿಂತ ಸಪಾಟಾದ ಕಡೆ ಸುಲಭಕ್ಕೆ ಜಾರಲ್ಲ. ಆದ್ರೆ ಆ ಜಾಗ ರಸ್ತೆಯಿಂದ ನೂರಾರು ಮೀಟರ್, ಕೆಲವು ಕಡೆ ಸಾವಿರ ಮೀಟರಿಗೂ ಮೇಲಿರುತ್ತೆ. ರಸ್ತೆ ಹಾದು ಹೋಗೋದು ಹಿಮ ಬಂದು ನಿಲ್ಲೋ ಕೆಳಗಿನ ಜಾಗದಲ್ಲಿ. ನಾನು ನೋಡ್ತಾ ಇದ್ದದ್ದು ಸರಿಸಿ ಇಟ್ಟ ರಸ್ತೆಯನ್ನ. ನೋಡಬೇಕಾಗಿದ್ದದ್ದು ನನ್ನ ಕಣ್ಣಿಗೆ ಕಾಣದ ಇಳಿಜಾರನ್ನ. ಮನೆ ಬಾಗಿಲು ಒಣಗಿದೆ ಅಂತ ಮೇಲಿನ ಟ್ಯಾಂಕ್ ಸೋರ್ತಿಲ್ಲ ಅಂದ ಹಾಗಾಯ್ತು.

ಗುಂಡಿ ತೋಡಿ ಹಿಮ ಓದೋದು

ಟೆಕ್ನಿಷಿಯನ್‌ನ ದಿನ ಬೆಳಕು ಹರಿಯೋಕೆ ಮುಂಚೆಯೇ ಶುರು. ರಾತ್ರಿ ಎಷ್ಟು ಹಿಮ ಬಿತ್ತು, ತಾಪಮಾನ ಏರ್ತಿದೆಯೋ ಇಳೀತಿದೆಯೋ, ಬೆಟ್ಟದ ಮೇಲೆ ಗಾಳಿ ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಬೀಸ್ತು, ಇದನ್ನೆಲ್ಲ ಸ್ವಯಂಚಾಲಿತ ಹವಾಮಾನ ಕೇಂದ್ರಗಳು ಕಳಿಸ್ತವೆ. ಇಲ್ಲಿಯವರೆಗೂ ನಮ್ಮ ಡ್ಯಾಶ್‌ಬೋರ್ಡ್ ನೋಡೋ ಕೆಲಸದ ಹಾಗೇ.

ಆದ್ರೆ ಡ್ಯಾಶ್‌ಬೋರ್ಡ್ ಪದರಗಳನ್ನ ತೋರಿಸಲ್ಲ. ಅದಕ್ಕೆ ಸ್ಕೀ ಹಾಕ್ಕೊಂಡು ಮೇಲೆ ಹೋಗಬೇಕು, ಸುರಕ್ಷಿತ ಜಾಗ ಆರಿಸಿ ಗುಂಡಿ ತೋಡಬೇಕು. ಗುಂಡಿಯ ಗೋಡೆಯಲ್ಲಿ ಇಡೀ ಚಳಿಗಾಲದ ಇತಿಹಾಸ ಇರುತ್ತೆ. ಪ್ರತಿ 10 ಸೆಂಟಿಮೀಟರಿಗೆ ತಾಪಮಾನ ಅಳೀತಾರೆ. ಪ್ರತಿ ಪದರದ ಗಟ್ಟಿತನ ನೋಡೋ ವಿಧಾನ ಎಷ್ಟು ಸರಳ ನೋಡಿ. ಮುಷ್ಟಿ ಒಳಗೆ ಹೋಗುತ್ತಾ? ಇಲ್ಲಾಂದ್ರೆ ನಾಲ್ಕು ಬೆರಳು? ಒಂದೇ ಬೆರಳು? ಪೆನ್ಸಿಲ್? ಚಾಕು? ಗಟ್ಟಿ ಪದರದ ಕೆಳಗೆ ಮುಷ್ಟಿ ಹೋಗೋವಷ್ಟು ಮೆತ್ತನೆ ಪದರ ಸಿಕ್ತು ಅಂದ್ರೆ ಎದೆ ಧಸಕ್ ಅನ್ನುತ್ತೆ.

ಆಮೇಲೆ 30 ಸೆಂಟಿಮೀಟರ್ ಉದ್ದಗಲದ ಹಿಮದ ಕಂಬ ಕತ್ತರಿಸಿ ಮೇಲೆ ಸಲಿಕೆಯ ತಟ್ಟೆ ಇಡ್ತಾರೆ. ಮಣಿಕಟ್ಟಿನಿಂದ 10 ಸಲ, ಮೊಣಕೈಯಿಂದ 10 ಸಲ, ಭುಜದಿಂದ 10 ಸಲ ತಟ್ತಾರೆ. ಎಷ್ಟನೇ ಏಟಿಗೆ ಒಡೀತು, ಎಷ್ಟು ಆಳದಲ್ಲಿ ಒಡೀತು, ಒಡೆದ ತುಂಡು ನುಣ್ಣಗೆ ಜಾರಿತೋ ಒರಟಾಗಿ ಕುಸೀತೋ, ಎಲ್ಲ ಬರೆದುಕೊಳ್ತಾರೆ. ಲಕ್ಷಾಂತರ ರೂಪಾಯಿಯ ಸೆನ್ಸರ್‌ಗಳ ಪಕ್ಕದಲ್ಲೇ ಇವತ್ತಿಗೂ ಸಲಿಕೆ ಮತ್ತು ಕೈ ಏಟು ಕೆಲಸ ಮಾಡ್ತವೆ.

ರೋಜರ್ಸ್ ಪಾಸ್‌ನ ಫಿರಂಗಿ

ಈಗ ಅಣ್ಣ ಹೇಳಿದ ಜಾಗಕ್ಕೆ ಬರೋಣ. ಕ್ಯಾಲ್ಗರಿಯಿಂದ ವ್ಯಾಂಕೂವರ್ ಕಡೆ ಹೋಗೋ ಟ್ರಾನ್ಸ್-ಕೆನಡಾ ಹೆದ್ದಾರಿ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದೊಳಗೆ ರೋಜರ್ಸ್ ಪಾಸ್ ಅನ್ನೋ ಕಣಿವೆ ದಾಟುತ್ತೆ. ಎತ್ತರ ಸುಮಾರು 1,330 ಮೀಟರ್, ನಮ್ಮ ಮನಾಲಿಗಿಂತಲೂ ಕಡಿಮೆ. ಆದ್ರೆ ಹಿಮ ಸುರಿಯೋದು ವಿಪರೀತ. ಸುಮಾರು 40 ಕಿಲೋಮೀಟರ್ ರಸ್ತೆಗೆ 130ಕ್ಕೂ ಹೆಚ್ಚು ಹಿಮಕುಸಿತದ ದಾರಿಗಳು ಎರಡೂ ಕಡೆಯಿಂದ ಬಂದು ಸೇರ್ತವೆ.

ಅಲ್ಲಿ ಮೊದಲು ಬಂದದ್ದು ರೈಲು. 1910ರ ಮಾರ್ಚ್ 4ರ ರಾತ್ರಿ ಹಳಿ ಮೇಲೆ ಒಂದು ಕುಸಿತ ಬಿದ್ದಿತ್ತು. ಅದನ್ನ ತೆಗೆಯೋಕೆ ಕೆಲಸಗಾರರು ಬಂದ್ರು. ಅವರು ಸಲಿಕೆ ಹಿಡಿದು ಕೆಲಸ ಮಾಡ್ತಿದ್ದಾಗ ಎದುರು ಬೆಟ್ಟದಿಂದ ಎರಡನೇ ಕುಸಿತ ಬಂತು. 58 ಜನ ಸತ್ತರು, ಅವರಲ್ಲಿ ಅನೇಕರು ಜಪಾನಿನಿಂದ ದುಡಿಯೋಕೆ ಬಂದ ವಲಸಿಗರು. ಈ ಒಂದು ಘಟನೆಯಲ್ಲಿ ಎರಡು ಪಾಠ ಇವೆ. ಒಂದು, ಅತಿ ಹೆಚ್ಚು ಅಪಾಯದಲ್ಲಿರೋದು ದಾರಿ ಬಿಡಿಸೋಕೆ ಹೋದ ಕಾರ್ಮಿಕ. ಎರಡು, ಒಂದು ಸಲ ಬಿತ್ತು ಅಂದ ಮಾತ್ರಕ್ಕೆ ಮುಗೀತು ಅಂತ ಅಲ್ಲ. 1916ರಲ್ಲಿ ರೈಲಿಗೆ ಸುರಂಗ ಆಯ್ತು.

1962ರಲ್ಲಿ ಅದೇ ಕಣಿವೆಯಲ್ಲಿ ಹೆದ್ದಾರಿ ತೆರೆದಾಗ ಮೊದಲಿನಿಂದಲೇ ರಕ್ಷಣೆಯ ಯೋಜನೆ ಜೊತೆಗಿತ್ತು. ಕೆಲವು ಕಡೆ ರಸ್ತೆಗೆ ಕಾಂಕ್ರೀಟ್ ಚಾವಣಿ ಹಾಕಿದ್ರು, ಹಿಮ ಅದರ ಮೇಲಿಂದ ಹಾರಿ ಹೋಗ್ಲಿ ಅಂತ. ಕೆಲವು ಕಡೆ ಮಣ್ಣಿನ ದಿಬ್ಬ, ಒಡ್ಡು. ಉಳಿದ ಕಡೆಗೆ ಫಿರಂಗಿ.

ಅದರ ತರ್ಕ ನಮ್ಮ ಐಟಿಯವರಿಗೆ ಬೇಗ ಅರ್ಥ ಆಗುತ್ತೆ. ಸರ್ವರ್ ಯಾವಾಗಲೋ ನಡುರಾತ್ರಿ ತಾನಾಗಿ ಬೀಳೋ ಬದಲು ಮೇಂಟೆನೆನ್ಸ್ ವಿಂಡೋದಲ್ಲಿ ನಾವೇ ಬೀಳಿಸೋದು ಮೇಲು ಅಲ್ವಾ? ಹಾಗೆಯೇ ದೊಡ್ಡ ಕುಸಿತ ಬರೋವರೆಗೆ ಕಾಯದೆ, ರಸ್ತೆ ಖಾಲಿ ಇರೋವಾಗ ಹಿಮವನ್ನ ಸಣ್ಣ ಸಣ್ಣ ಕಂತಿನಲ್ಲಿ ಇಳಿಸಿಬಿಡೋದು. ಯಾವ ಇಳಿಜಾರಿಗೆ, ಯಾವಾಗ ಅನ್ನೋದನ್ನ ಉದ್ಯಾನ ಇಲಾಖೆಯ ಟೆಕ್ನಿಷಿಯನ್‌ಗಳು ನಿರ್ಧರಿಸ್ತಾರೆ. 105 ಮಿಲಿಮೀಟರ್ ಹೊವಿಟ್ಜರ್ ಹಾರಿಸೋದು ಕೆನಡಾ ಸೈನ್ಯದ ತುಕಡಿ. ರಸ್ತೆ ಪಕ್ಕದಲ್ಲಿ ಮೊದಲೇ ಗುರುತಿಸಿದ ಜಾಗಗಳಿವೆ, ಪ್ರತಿ ಗುರಿಗೂ ಕೋನ, ದಿಕ್ಕು ಲೆಕ್ಕ ಹಾಕಿಟ್ಟಿರುತ್ತೆ. ಹಾಗಾಗಿ ಹೆಲಿಕಾಪ್ಟರ್ ಹಾರೋಕೆ ಆಗದ ಹಿಮಗಾಳಿಯಲ್ಲೂ ಕತ್ತಲಲ್ಲೂ ಹೊಡೀಬಹುದು. ಈಗ ಅನೇಕ ದೇಶಗಳಲ್ಲಿ ಬೆಟ್ಟದ ಮೇಲೆಯೇ ನಿಲ್ಲಿಸಿದ ಕೊಳವೆಗಳು, ಗೋಪುರಗಳೂ ಬಂದಿವೆ. ಕೆಲವು ಗ್ಯಾಸ್ ಸ್ಫೋಟಿಸಿ, ಕೆಲವು ಸಿಡಿಮದ್ದು ಇಳಿಸಿ ಇದೇ ಕೆಲಸ ಮಾಡ್ತವೆ, ಕೆಳಗೆ ಕೂತು ಬಟನ್ ಒತ್ತಿದ್ರೆ ಸಾಕು.

ಕ್ರಮ ಹೀಗಿರುತ್ತೆ: ಎರಡೂ ಬದಿ ಗೇಟ್ ಹಾಕೋದು. ಒಳಗೆ ಯಾರೂ ಉಳಿದಿಲ್ಲ ಅಂತ ಒಂದು ಗಾಡಿ ಇಡೀ ರಸ್ತೆ ಓಡಿ ಖಚಿತ ಮಾಡಿಕೊಳ್ಳೋದು. ಹೊಡೆಯೋದು. ಬಿದ್ದದ್ದನ್ನ ನೋಡೋದು, ಕೇಳೋದು. ಪ್ಲೌ ಬಂದು ರಸ್ತೆ ಬಿಡಿಸೋದು. ಆಮೇಲೆ ತೆರೆಯೋದು.

ಬಗ್ ರಿಪ್ರೊಡ್ಯೂಸ್ ಆಗ್ತಿಲ್ಲ

ಹೊಡೆದಾಗ ಹಿಮ ಬಿದ್ರೆ ಸಂತೋಷ. ಕಷ್ಟ ಶುರುವಾಗೋದು ಹೊಡೆದರೂ ಬೀಳದಿದ್ದಾಗ. ಇಳಿಜಾರು ನಿಜವಾಗಿಯೂ ಗಟ್ಟಿಯಾಗಿದೆಯಾ? ಅಥವಾ ಗುಂಡು ಬಿದ್ದ ಜಾಗದ ಹತ್ತು ಮೀಟರ್ ಆಚೆ ದುರ್ಬಲ ಜಾಗ ಇನ್ನೂ ಕಾಯ್ತಾ ಕೂತಿದೆಯಾ? ನಾವು "ರಿಪ್ರೊಡ್ಯೂಸ್ ಆಗ್ತಿಲ್ಲ" ಅಂತ ಬರೆದು ಟಿಕೆಟ್ ಮುಚ್ಚಿಬಿಡ್ತೀವಿ. ಅವರು ಮುಚ್ಚೋ ಹಾಗಿಲ್ಲ. ಯಾಕಂದ್ರೆ ಅಲ್ಲಿ ರೋಲ್‌ಬ್ಯಾಕ್ ಇಲ್ಲ.

ಕೆನಡಾದಲ್ಲಿ ಕುಸಿತದ ಗಾತ್ರಕ್ಕೆ 1ರಿಂದ 5ರ ಅಳತೆ ಇದೆ. 2 ಅಂದ್ರೆ ಒಬ್ಬ ಮನುಷ್ಯನನ್ನ ಹೂಳಬಹುದು, ಕೊಲ್ಲಬಹುದು. 3 ಅಂದ್ರೆ ಒಂದು ಕಾರನ್ನ ನುಂಗಿಹಾಕಬಹುದು. 4 ಅಂದ್ರೆ ರೈಲಿನ ಬೋಗಿ, ದೊಡ್ಡ ಲಾರಿ. ಒಂದೊಂದು ಅಂಕಿಗೂ ಹಿಮದ ತೂಕ ಸುಮಾರು ಹತ್ತು ಪಟ್ಟು ಏರುತ್ತೆ.

ಹಾಗಂತ ಅನುಮಾನ ಬಂದಾಗಲೆಲ್ಲ ಮುಚ್ಚಿಡೋಕೂ ಆಗಲ್ಲ. ಗೇಟಿನ ಆಚೆ ನೂರಾರು ಲಾರಿ ನಿಂತಿರ್ತವೆ. ಆಸ್ಪತ್ರೆಗೆ ಹೋಗಬೇಕಾದವರು ಇರ್ತಾರೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಆನ್-ಕಾಲ್ ಮಾಡಿದವರಿಗೆ ಗೊತ್ತು, ದಿನಕ್ಕೆ ಐವತ್ತು ಸುಳ್ಳು ಅಲರ್ಟ್ ಬಂದ್ರೆ ಐವತ್ತೊಂದನೆಯದನ್ನ ನೋಡದೆ ಮ್ಯೂಟ್ ಮಾಡ್ತೀವಿ. ಜನ ಗೇಟನ್ನ ನಂಬೋದು ಬಿಟ್ಟ ದಿನ ಗೇಟ್ ಇದ್ದೂ ಇಲ್ಲದ ಹಾಗೆ. ಹಾಗಾಗಿ ಮುಚ್ಚೋದು ಎಷ್ಟು ಮುಖ್ಯವೋ, ಸರಿಯಾದ ಹೊತ್ತಿಗೆ ಧೈರ್ಯ ಮಾಡಿ ತೆರೆಯೋದೂ ಅಷ್ಟೇ ಮುಖ್ಯ.

ಈ ಕೆಲಸದ ದೊಡ್ಡ ಕಷ್ಟ ಇದೇ ಅಂತ ನನಗನ್ನಿಸುತ್ತೆ. ಮುಚ್ಚಿದಾಗ ಏನೂ ಆಗದಿದ್ರೆ ನನ್ನಂಥವನು ಬಂದು ಬೈತಾನೆ. ತೆರೆದಾಗ ಏನಾದ್ರೂ ಆದ್ರೆ ಆ ಭಾರವನ್ನ ಬದುಕಿಡೀ ಹೊರಬೇಕು. ಸರಿಯಾಗಿ ಕೆಲಸ ಮಾಡಿದ ದಿನ ತೋರಿಸೋಕೆ ಕೈಯಲ್ಲಿ ಏನೂ ಇರಲ್ಲ.

ನಮ್ಮ ಹಿಮಾಲಯದಲ್ಲಿ

ನಮ್ಮಲ್ಲೂ ಈ ವಿಜ್ಞಾನ ಹೊಸದಲ್ಲ. ಡಿಆರ್‌ಡಿಒ ಅಡಿಯಲ್ಲಿ 1969ರಲ್ಲೇ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆ ಶುರುವಾಯ್ತು. 2020ರಲ್ಲಿ ಅದು ಇನ್ನೊಂದು ಪ್ರಯೋಗಾಲಯದ ಜೊತೆ ಸೇರಿ ಡಿಜಿಆರ್‌ಇ ಆಯ್ತು, ಕೇಂದ್ರ ಚಂಡೀಗಢದಲ್ಲಿದೆ. ಹಿಮಾಲಯದ ಹಿಮಕುಸಿತ ಮುನ್ಸೂಚನೆ ಕೊಡೋದು ಇವರೇ. 2022ರಲ್ಲಿ ಉತ್ತರ ಸಿಕ್ಕಿಂನಲ್ಲಿ ಸೈನ್ಯದ ಜೊತೆ ಸೇರಿ ಒಂದು ರಾಡಾರ್ ಹಾಕಿದ್ರು. ಕುಸಿತ ಶುರುವಾದ ಮೂರು ಸೆಕೆಂಡಿನೊಳಗೆ ಅದು ಪತ್ತೆ ಹಚ್ಚುತ್ತೆ. ಇನ್ನೊಂದು ಕಡೆ ಸುರಂಗಗಳು. 2020ರ ಅಕ್ಟೋಬರಿನಲ್ಲಿ ತೆರೆದ 9.02 ಕಿಲೋಮೀಟರಿನ ಅಟಲ್ ಸುರಂಗ ರೋಹ್ತಾಂಗ್ ಕೆಳಗೆ ಹೋಗುತ್ತೆ. 2025ರ ಜನವರಿಯಲ್ಲಿ ಕಾಶ್ಮೀರದ ಸೋನಮರ್ಗ್ ಸುರಂಗ ತೆರೀತು. ಆದ್ರೆ ಸುರಂಗದ ಬಾಯಿವರೆಗಿನ ರಸ್ತೆ ಬಯಲಲ್ಲೇ ಇರುತ್ತೆ. ಸೋಲಂಗ್ ಬ್ಯಾರಿಕೇಡ್ ಇರೋದು ಆ ಕಾರಣಕ್ಕೇ.

ನಮ್ಮಲ್ಲಿ ಮುನ್ಸೂಚನೆ ಕೊಡೋ ಕೈ ಒಂದು, ರಸ್ತೆ ಬಿಡಿಸೋ ಕೈ ಇನ್ನೊಂದು, ಗೇಟ್ ಹಾಕೋ ಕೈ ಮತ್ತೊಂದು. ರೋಜರ್ಸ್ ಪಾಸ್‌ನಲ್ಲಿ ಹಿಮ ಓದೋ ತಂಡದ ಮಾತಿಗೇ ಗೇಟ್ ಬೀಳುತ್ತೆ. ಎಚ್ಚರಿಕೆ ಮತ್ತು ಗೇಟಿನ ನಡುವಿನ ಅಂತರದಲ್ಲೇ ಜೀವ ಹೋಗೋದು. 2025ರ ಫೆಬ್ರವರಿ 28ರ ಬೆಳಗಿನ ಜಾವ ಬದರೀನಾಥದ ಹತ್ತಿರ ಮಾಣಾದಲ್ಲಿ ರಸ್ತೆಯ ಹಿಮ ತೆಗೆಯೋ ಕಾರ್ಮಿಕರ ಶಿಬಿರದ ಮೇಲೆ ಹಿಮ ಕುಸೀತು. 54 ಜನ ಸಿಕ್ಕಿಕೊಂಡ್ರು, 46 ಜನರನ್ನ ಜೀವಂತ ಹೊರತೆಗೆದ್ರು, 8 ಜನ ಉಳೀಲಿಲ್ಲ. ಆ ಪ್ರದೇಶಕ್ಕೆ ಹಿಮಕುಸಿತದ ಎಚ್ಚರಿಕೆ ಹಿಂದಿನ ದಿನ ಸಂಜೆಯೇ ಬಂದಿತ್ತು. 1910ರ ಪಾಠ ನೆನಪಿಸಿಕೊಳ್ಳಿ, ಇಲ್ಲೂ ಸಿಕ್ಕಿದ್ದು ದಾರಿ ಬಿಡಿಸೋಕೆ ಹೋದವರೇ.

2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥು ಲಾ ರಸ್ತೆಯಲ್ಲಿ ಏಳು ಪ್ರವಾಸಿಗರು ಸತ್ತರು. ಪಾಸ್ ಕೊಟ್ಟಿದ್ದು 13ನೇ ಮೈಲಿವರೆಗೆ, ಅದನ್ನ ದಾಟಿ ಜನ ಮುಂದೆ ಹೋಗಿದ್ರು ಅಂತ ಅಧಿಕಾರಿಗಳು ಹೇಳಿದ್ರು. ಅದನ್ನ ಓದಿದಾಗ ನನ್ನ ಸೋಲಂಗ್ ವಾದ ನೆನಪಾಗಿ ಮೈ ಜುಮ್ ಅಂತು. ಆವತ್ತು ಡ್ರೈವರ್ ಅಣ್ಣ ಗಾಡಿ ತಿರುಗಿಸದೆ "ನನಗೆ ಒಳದಾರಿ ಗೊತ್ತು" ಅಂದಿದ್ರೆ ನಾನು ಖಂಡಿತ ಹೂಂ ಅಂತಿದ್ದೆ.

ನಾವು ಮಾಡಬೇಕಾದದ್ದು

ದೆಹಲಿ, ಚಂಡೀಗಢದಿಂದ ಅಷ್ಟೇ ಅಲ್ಲ, ಪುಣೆ, ಹೈದರಾಬಾದಿನಿಂದಲೂ ಈಗ ಚಳಿಗಾಲದಲ್ಲಿ ಹಿಮ ನೋಡೋಕೆ ಹೋಗೋರು ಬಹಳ ಜನ. ಮೂರೇ ಮಾತು ನೆನಪಿಟ್ಕೊಳ್ಳಿ. ಹಿಮ ನಿಂತ ಮೊದಲ ಒಂದೆರಡು ದಿನ ಎತ್ತರದ ರಸ್ತೆಗೆ ಪ್ಲಾನ್ ಇಟ್ಕೋಬೇಡಿ, ಟಿಕೆಟ್ಟಿಗೆ ಒಂದು ದಿನ ಹೆಚ್ಚಿಗೆ ಸೇರಿಸಿ. ಹಿಮಕುಸಿತದ ಜಾಗ ಅಂತ ಬೋರ್ಡ್ ಇರೋ ಕಡೆ ಫೋಟೋಗೆ, ಚಹಾಗೆ ನಿಲ್ಲಿಸಬೇಡಿ, ಓಡೋ ಗಾಡಿ ಅಪಾಯದಲ್ಲಿರೋದು ಕೆಲವೇ ಸೆಕೆಂಡು, ನಿಂತ ಗಾಡಿ ನಿಂತಷ್ಟು ಹೊತ್ತೂ. ಮುಂದೆ ರಸ್ತೆ ಬಂದ್ ಆಗಿ ಸಾಲು ನಿಂತಿದ್ರೆ ಇಳಿಜಾರಿನ ಕೆಳಗೆ ಕಾಯಬೇಡಿ, ಸಾಧ್ಯವಾದ್ರೆ ಹಿಂದಿನ ಸುರಕ್ಷಿತ ಜಾಗಕ್ಕೆ ಹೋಗಿ.

ಇದು ಹಿಮದ ಕಥೆ ಮಾತ್ರ ಅಲ್ಲ. ಮಳೆಗಾಲದಲ್ಲಿ ಊರಿಗೆ ಹೋಗೋವಾಗ ಶಿರಾಡಿ ಘಾಟ್ ಬಂದ್ ಅಂದ್ರೆ ನಮ್ಮ ವಾಟ್ಸಾಪ್ ಗುಂಪಲ್ಲಿ ಏನೇನು ಬೈಗುಳ ಬರ್ತವೆ ನಿಮಗೂ ಗೊತ್ತು. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ ರಸ್ತೆಬದಿಯ ಚಹಾ ಅಂಗಡಿ, ನಿಂತಿದ್ದ ವಾಹನಗಳು ಗಂಗಾವಳಿ ನದಿ ಪಾಲಾದವು. ಆವತ್ತು ಬೆಳಿಗ್ಗೆ ಯಾರಾದ್ರೂ ಆ ರಸ್ತೆ ಮುಚ್ಚಿಸಿದ್ರೆ, ಮುಚ್ಚಿದವರನ್ನ ನಾವು ಬೈದೇ ಬೈತಿದ್ವಿ. ಬೈಸಿಕೊಂಡ್ರೂ ಪರವಾಗಿಲ್ಲ ಅನ್ನೋರು ನಮ್ಮ ಘಟ್ಟಗಳಿಗೂ ಬೇಕು.

ಸೋಲಂಗ್‌ನ ಆ ಪೊಲೀಸಿನವರ ಹೆಸರು ನನಗೆ ಗೊತ್ತಿಲ್ಲ. ಅವರಿಗೆ ಆ ಮಾಹಿತಿ ಕೊಟ್ಟ, ಎಲ್ಲೋ ಮೇಲೆ ಹಿಮ ಅಳೆದು ಬಂದ ಮನುಷ್ಯನ ಮುಖವನ್ನಂತೂ ನೋಡಿಯೇ ಇಲ್ಲ. ಮುಂದಿನ ಸಲ ಬ್ಯಾರಿಕೇಡ್ ಸಿಕ್ಕಿದ್ರೆ ಕೆಳಗಿಳಿದು ಕೈ ಮುಗಿದು "ಸರಿ ಸರ್, ನಾಳೆ ಬರ್ತೀವಿ" ಅಂತೀನಿ.

ನೀವೂ ಯಾವುದಾದ್ರೂ ಬೆಟ್ಟದ ಗೇಟಿನಲ್ಲಿ ಕಾದಿದ್ರೆ ಹಂಚಿಕೊಳ್ಳಿ. ಮತ್ತೆ ಸಿಗೋಣ. ನಮಸ್ಕಾರ.